ಎಲ್ಲರೂ ಹೀರೋ ಆಗೋ ಟೇಬಲ್‌ನಲ್ಲಿ ತಂಡ ಕಟ್ಟೋದು ಹೇಗೆ? ಗೇಮ್ ನಡೆಸೋರಿಗೆ ಒಂದು ಮಾರ್ಗದರ್ಶಿ

"ನೀವೆಲ್ಲ ಇಲ್ಲೇ ಇರ್ರಿ, ನಾನೊಬ್ನೇ ಹೋಗಿ ನೋಡ್ಕಂಡು ಬರ್ತೀನಿ."

ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ನಡೆಸುವ ಯಾರಿಗಾದರೂ ಈ ಮಾತು ಚೆನ್ನಾಗಿ ಗೊತ್ತಿರುತ್ತದೆ. ಕಳ್ಳನ ಪಾತ್ರ ತಗೊಂಡವನು ಇಷ್ಟು ಹೇಳಿ ಹೊರಟುಬಿಡುತ್ತಾನೆ. ಮುಂದಿನ ಅರ್ಧ ಗಂಟೆ ಅವನು ಮತ್ತು ಗೇಮ್ ಮಾಸ್ಟರ್ ಇಬ್ಬರೇ ಮಾತಾಡುತ್ತಾರೆ. ಉಳಿದವರಲ್ಲಿ ಒಬ್ಬರು ರೀಲ್ಸ್ ನೋಡುತ್ತಾರೆ, ಇನ್ನೊಬ್ಬರು ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಾರೆ.

ಇದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: "ಸ್ವಲ್ಪ ಟೀಮ್ ಆಗಿ ಆಡ್ರಪ್ಪ." ಬುದ್ಧಿ ಹೇಳಿದರೆ ಏನೂ ಆಗಲ್ಲ. ಒಬ್ಬನೇ ಹೊರಟವನ ತಪ್ಪು ಇದರಲ್ಲಿ ಕಡಿಮೆ, ನಾವು ಗೇಮ್ ನಡೆಸುವ ರೀತಿಯೇ ಬಹಳ ಸಲ ಅವನನ್ನು ಒಂಟಿಯಾಗಿ ಕಳಿಸುತ್ತದೆ ಅನ್ನೋದು ನನ್ನ ವಾದ. ಲೆಕ್ಕ ಹಾಕಿಯೇ ತೋರಿಸುತ್ತೇನೆ, ಮೂರನೇ ಹಂತದವರೆಗೆ ತಾಳಿ.

ಹೊಸಬರಿಗೆ ಎರಡು ಮಾತು. ಈ ಆಟದಲ್ಲಿ ನಾಲ್ಕೈದು ಜನ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬರು ಗೇಮ್ ಮಾಸ್ಟರ್ ಆಗಿ ಜಗತ್ತನ್ನೂ ಶತ್ರುಗಳನ್ನೂ ನಡೆಸುತ್ತಾರೆ. ಮಾಡಿದ ಕೆಲಸ ಗೆಲ್ಲುತ್ತೋ ಇಲ್ವೋ ಅನ್ನೋದನ್ನ ಡೈಸ್ ಹೇಳುತ್ತದೆ. ದಾವಣಗೆರೆಯಲ್ಲಿ ಕಾಲೇಜ್ ಹುಡುಗರು, ಕೆಲಸಕ್ಕೆ ಹೋಗೋರು ಭಾನುವಾರ ಯಾರದೋ ಮನೆ ಹಾಲ್‌ನಲ್ಲಿ ಕೂತು ಆಡೋಕೆ ಇದು ಹೇಳಿ ಮಾಡಿಸಿದ ಆಟ. ಇಪ್ಪತ್ತು ಮುಖದ ಡೈಸ್ ಇಲ್ಲದಿದ್ದರೆ ಫೋನಿನ ಆ್ಯಪ್ ಸಾಕು. ಈ ಬಗೆಯ ಆಟಗಳಲ್ಲೊಂದಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಈ ಬರಹದ ಉದಾಹರಣೆಗಳೂ ಹೆಚ್ಚಾಗಿ ಅದರವೇ, ಅದೂ 2014ರ ನಿಯಮಗಳ ಪ್ರಕಾರ.

ಶುರುವಿಗೂ ಮುಂಚೆ: ನಿಮ್ಮ ಗೇಮ್ ಏನು ಕೇಳುತ್ತೆ?

ಎಲ್ಲ ಗೇಮೂ ಒಗ್ಗಟ್ಟು ಕೇಳಲ್ಲ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ 1974ರಲ್ಲಿ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಂತಿರೋದೇ ತಂಡದ ಮೇಲೆ. ಒಬ್ಬ ಹೊಡೆಯುತ್ತಾನೆ, ಒಬ್ಬ ಗಾಯ ವಾಸಿ ಮಾಡುತ್ತಾನೆ, ಒಬ್ಬ ಬೀಗ ತೆಗೆಯುತ್ತಾನೆ. ಒಬ್ಬನ ಕೈಲಿ ಎಲ್ಲವೂ ಆಗಲ್ಲ. ಆದರೆ 1984ರ ಪ್ಯಾರನೋಯಾ ಆಡಿದರೆ ಪಕ್ಕದಲ್ಲಿ ಕೂತವನನ್ನೇ ನಂಬುವ ಹಾಗಿಲ್ಲ. ಎಲ್ಲರಿಗೂ ಗುಟ್ಟಿದೆ, ಒಬ್ಬರ ಮೇಲೊಬ್ಬರು ಚಾಡಿ ಹೇಳೋದೇ ಮಜಾ. 2009ರ ಫಿಯಾಸ್ಕೋದಲ್ಲಿ ಗೇಮ್ ಮಾಸ್ಟರೇ ಇಲ್ಲ. ದುರಾಸೆಯ ಜನ ಸೇರಿ ಎಲ್ಲವನ್ನೂ ಹಾಳುಮಾಡಿಕೊಳ್ಳುವ ಕಥೆ ಅದು. 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಇನ್ನೊಂದು ತುದಿ. ಅಲ್ಲಿ ಆಟಗಾರರಿಗೆ ಇರುವ ಹಾಗೇ ಗ್ಯಾಂಗಿಗೂ ಒಂದು ಪ್ರತ್ಯೇಕ ಶೀಟ್ (ಪಾತ್ರದ ವಿವರ ಬರೆದಿಡುವ ಹಾಳೆ) ಇದೆ, ಗ್ಯಾಂಗ್ ಕೂಡ ಬೆಳೆಯುತ್ತದೆ.

ನಿಮ್ಮ ಹುಡುಗರಿಗೆ ಒಬ್ಬರಿಗೊಬ್ಬರು ಬತ್ತಿ ಇಡೋದೇ ಖುಷಿ ಅಂದರೆ ಅವರನ್ನು ತಿದ್ದೋಕೆ ಹೋಗಬೇಡಿ, ಗೇಮ್ ಬದಲಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಂತ 1: ಮೊದಲ ಭಾನುವಾರ ಆಡಬೇಡಿ, ಮಾತಾಡಿ

ಇದಕ್ಕೆ ಸೆಷನ್ ಝೀರೋ ಅಂತಾರೆ. ಬೆಣ್ಣೆದೋಸೆ ಹೋಟೆಲಲ್ಲಿ ಕೂತು ಮಾಡಿದರೆ ಆಗಲ್ಲ, ಮುಂದಿನ ಗಿರಾಕಿ ನಿಮ್ಮ ಬೆನ್ನ ಹಿಂದೆಯೇ ನಿಂತಿರುತ್ತಾನೆ. ದೋಸೆ ತಿಂದು ಮನೆಗೆ ಬನ್ನಿ. ಕೇಳಬೇಕಾದದ್ದು ಜಾಸ್ತಿ ಏನಿಲ್ಲ.

ಒಂದು, ನಿಮ್ಮ ಪಾತ್ರ ಈ ತಂಡದ ಜೊತೆ ಯಾಕಿದೆ? "ಗೇಮ್ ಮಾಸ್ಟರ್ ಕರೆದ್ರು, ಅದಕ್ಕೆ" ಅನ್ನೋ ಉತ್ತರ ನಡೆಯಲ್ಲ. ಎರಡು, ಆಟಗಾರರು ಒಬ್ಬರಿಂದೊಬ್ಬರು ಕದಿಯಬಹುದಾ, ಹೊಡೆದಾಡಬಹುದಾ? ಈಗಲೇ ತೀರ್ಮಾನ ಆಗಲಿ. ಮೂರು, ಒಬ್ಬರೇ ಮಿಂಚುವ ದೃಶ್ಯ ನಿಮಗೆ ಯಾವುದು ಬೇಕು? ಕತ್ತಿವರಸೆಯೋ, ಮಾತಿನ ಚಮತ್ಕಾರವೋ, ಹಳೇ ಸೇಡೋ? ಮೂರನೆಯದನ್ನು ಬಹಳ ಜನ ಕೇಳೋದೇ ಇಲ್ಲ. ಕೇಳಿ, ಬರೆದಿಟ್ಟುಕೊಳ್ಳಿ. ತನ್ನ ಸರದಿ ಬಂದೇ ಬರುತ್ತೆ ಅಂತ ಗೊತ್ತಿರುವವನು ಬೇರೆಯವರ ಸರದಿಯನ್ನು ಕಿತ್ತುಕೊಳ್ಳೋಕೆ ಹೋಗಲ್ಲ.

ಅಂದಹಾಗೆ, ಮಿರ್ಚಿ ತಿಂದ ಕೈಯಲ್ಲಿ ಕ್ಯಾರೆಕ್ಟರ್ ಶೀಟ್ ಮುಟ್ಟಬಾರದು ಅನ್ನೋ ನಿಯಮವೂ ಅವತ್ತೇ ಆಗಲಿ. ಎಣ್ಣೆ ಹತ್ತಿದ ಹಾಳೆ ಮೇಲೆ ಪೆನ್ಸಿಲ್ ಓಡಲ್ಲ. ತಿಂಡಿಗೆ ಬೇರೆ ಬಿಡುವು ಕೊಡಿ.

ಹಂತ 2: ಪಾತ್ರಗಳನ್ನು ಒಟ್ಟಿಗೆ ಕೂತು ಮಾಡಿ

ಪ್ರತಿಯೊಬ್ಬರೂ ಮನೆಯಲ್ಲಿ ಒಬ್ಬೊಬ್ಬರೇ ಪಾತ್ರ ಮಾಡಿಕೊಂಡು ಬಂದರೆ ಏನಾಗುತ್ತೆ? ಐದು ಜನ ಅನಾಥರು, ಐದು ಜನಕ್ಕೂ ಕಪ್ಪು ಕಂಬಳಿ, ಐದು ಜನಕ್ಕೂ ಯಾರ ಮೇಲೂ ನಂಬಿಕೆ ಇಲ್ಲ. ತಂಡ ಎಲ್ಲಿಂದ ಬರಬೇಕು?

ಟೇಬಲ್ ಸುತ್ತ ಕೂತಲ್ಲೇ ಮಾಡಿಸಿ. ಪ್ರತಿಯೊಬ್ಬರೂ ಬಲಕ್ಕೆ ಕೂತವರ ಪಾತ್ರಕ್ಕೆ ಏನೋ ಒಂದು ಋಣ ಇಟ್ಟುಕೊಳ್ಳಲಿ. ಎಡಕ್ಕೆ ಕೂತವರ ಪಾತ್ರದ ಬಗ್ಗೆ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ತಿಳಿದಿರಲಿ. ಎರಡೇ ಸಾಲು ಸಾಕು, ಆದರೆ ಅದನ್ನು ಇಬ್ಬರೂ ಒಪ್ಪಬೇಕು.

ಚಿತ್ರದುರ್ಗದ ಕೋಟೆಯಂಥ ಒಂದು ಕೋಟೆಯಲ್ಲಿ ಕಥೆ ನಡೆಯುತ್ತೆ ಅಂದುಕೊಳ್ಳಿ. ನಾಲ್ಕು ಪಾತ್ರ: ಬತೇರಿ ಕಾಯುವ ಮುದಿ ಸಿಪಾಯಿ, ನಾಟಿ ಔಷಧಿ ಕೊಡುವ ಹೆಂಗಸು, ಕೋಟೆಯೊಳಗೆ ಕದ್ದು ಉಪ್ಪು ಸಾಗಿಸುವ ಹುಡುಗ, ಪಾಳೇಗಾರನ ಲೆಕ್ಕ ಬರೆಯುವ ಶಾನುಭೋಗ. ಉಪ್ಪಿನ ಹುಡುಗ ಹಾವು ಕಚ್ಚಿ ಬಿದ್ದಾಗ ಉಳಿಸಿದ್ದು ಔಷಧಿಯಮ್ಮ. ಅವನು ನುಸುಳುವ ಕಿಂಡಿ ಯಾವುದು ಅಂತ ಸಿಪಾಯಿಗೆ ಗೊತ್ತು, ಆದರೆ ಬಾಯಿ ಬಿಟ್ಟಿಲ್ಲ. ಸಿಪಾಯಿಗೆ ಕಣ್ಣು ಮಂಜಾಗಿದ್ದನ್ನು ಶಾನುಭೋಗ ದಫ್ತರದಲ್ಲಿ ಬರೆಯದೆ ಮುಚ್ಚಿಟ್ಟಿದ್ದಾನೆ. ಈ ನಾಲ್ಕು ಜನಕ್ಕೆ "ಟೀಮ್ ಆಗಿ ಆಡಿ" ಅಂತ ಹೇಳುವ ಅಗತ್ಯವೇ ಬೀಳಲ್ಲ. ಒಬ್ಬ ಸಿಕ್ಕಿಬಿದ್ದರೆ ನಾಲ್ಕೂ ಜನ ಮುಳುಗಿದಂಗೆ.

"ನನ್ನ ಪಾತ್ರ ಒಂಟಿ, ಯಾರನ್ನೂ ಹತ್ತಿರ ಸೇರಿಸಲ್ಲ" ಅನ್ನೋರು ಒಬ್ಬರಾದರೂ ಇದ್ದೇ ಇರುತ್ತಾರೆ. ಬೇಡ ಅನ್ನಬೇಡಿ. "ಸರಿ, ಆದ್ರೆ ಇಲ್ಲಿ ಕೂತಿರೋರಲ್ಲಿ ಒಬ್ಬರ ಮಾತು ಮಾತ್ರ ಕೇಳ್ತಾನೆ. ಯಾರದ್ದು?" ಅಂತ ಕೇಳಿ. ಒಂಟಿತನ ಹಾಗೇ ಉಳಿಯಿತು, ಕಥೆಗೆ ಒಂದು ಎಳೆಯೂ ಸಿಕ್ಕಿತು.

ಹಂತ 3: ಒಗ್ಗಟ್ಟಿಗೆ ಕೂಲಿ ಸಿಗುವ ಹಾಗೆ ನಿಯಮ ಬಳಸಿ

ಈಗ ಲೆಕ್ಕಕ್ಕೆ ಬರೋಣ. ರಾತ್ರಿ ಹೊತ್ತು ಕಾವಲುಗಾರರ ಕಣ್ಣು ತಪ್ಪಿಸಿ ಅಂಗಳ ದಾಟಬೇಕು. ಕಳ್ಳ ನಿಪುಣ, ಅವನಿಗೆ ಇಪ್ಪತ್ತು ಮುಖದ ಡೈಸ್‌ನಲ್ಲಿ 5 ಅಥವಾ ಹೆಚ್ಚು ಬಿದ್ದರೆ ಸಾಕು. ಅಂದರೆ 80 ಪರ್ಸೆಂಟ್ ಗೆಲುವು. ಉಳಿದ ಮೂವರಿಗೆ 11 ಅಥವಾ ಹೆಚ್ಚು ಬೇಕು, ಅಂದರೆ 50 ಪರ್ಸೆಂಟ್.

ಬಹಳ ಗೇಮ್ ಮಾಸ್ಟರ್‌ಗಳು ಇಲ್ಲಿ "ಎಲ್ಲರೂ ಡೈಸ್ ಹಾಕಿ, ಒಬ್ಬರು ತಪ್ಪಿದರೂ ಸಿಕ್ಕಿಬಿದ್ದಿರಿ" ಅನ್ನುತ್ತಾರೆ. ನಾಲ್ವರೂ ಗೆಲ್ಲುವ ಸಾಧ್ಯತೆ ಎಷ್ಟು? ಬರೀ 10 ಪರ್ಸೆಂಟ್. ಒಬ್ಬನೇ ಹೋದರೆ 80, ಎಲ್ಲರ ಜೊತೆ ಹೋದರೆ 10. ಈಗ ಹೇಳಿ, "ನೀವೆಲ್ಲ ಇಲ್ಲೇ ಇರ್ರಿ" ಅಂದದ್ದು ಸೊಕ್ಕಾ? ಅವನಿಗೆ ಗಣಿತ ಬರುತ್ತೆ, ಅಷ್ಟೇ.

ಐದನೇ ಆವೃತ್ತಿಯಲ್ಲಿ ಇದಕ್ಕೆ ಮದ್ದು ಆಗಲೇ ಇದೆ. ಅದು ಗ್ರೂಪ್ ಚೆಕ್. ಎಲ್ಲರೂ ಡೈಸ್ ಹಾಕುತ್ತಾರೆ, ಕನಿಷ್ಠ ಅರ್ಧ ಜನ ಗೆದ್ದರೆ ಇಡೀ ತಂಡ ಗೆದ್ದಂತೆ. ಅದೇ ನಾಲ್ವರಲ್ಲಿ ಇಬ್ಬರು ಗೆದ್ದರೆ ಸಾಕು. ಕಳ್ಳ ಗೆದ್ದು ಉಳಿದ ಮೂವರಲ್ಲಿ ಒಬ್ಬರಾದರೂ ಗೆಲ್ಲುವ ಸಾಧ್ಯತೆ 70 ಪರ್ಸೆಂಟ್. ಕಳ್ಳ ಸೋತು ಆ ಮೂವರಲ್ಲಿ ಇಬ್ಬರಾದರೂ ಗೆಲ್ಲುವ ಸಾಧ್ಯತೆ 10. ಕೂಡಿಸಿದರೆ 80. ಕಳ್ಳ ಒಬ್ಬನೇ ಹೋದರೆ ಎಷ್ಟಿತ್ತೋ ಅಷ್ಟೇ! ಈಗ ಒಬ್ಬನೇ ಹೋಗೋಕೆ ಕಾರಣವೇ ಉಳಿಯಲಿಲ್ಲ, ಅಲ್ವಾ? ಕಬ್ಬಿಣದ ಕವಚ ತೊಟ್ಟು ಗಣಗಣ ಸದ್ದು ಮಾಡುವವನನ್ನು ಕಳ್ಳ ಕೈ ಹಿಡಿದು ದಾಟಿಸಿದ ಅಂತ ನೀವು ಬಾಯಲ್ಲಿ ವರ್ಣಿಸಿದರೆ ಇಬ್ಬರಿಗೂ ಖುಷಿ.

ಇನ್ನೊಂದು, ಹೆಲ್ಪ್. ಒಬ್ಬರು ತಮ್ಮ ಸರದಿ ಬಿಟ್ಟುಕೊಟ್ಟು ಇನ್ನೊಬ್ಬರಿಗೆ ನೆರವಾದರೆ ಅವರಿಗೆ ಅಡ್ವಾಂಟೇಜ್ ಸಿಗುತ್ತದೆ. ಅಂದರೆ ಎರಡು ಡೈಸ್ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. 50 ಪರ್ಸೆಂಟ್ ಇದ್ದದ್ದು 75 ಆಗುತ್ತದೆ. 25 ಇದ್ದದ್ದು ಸುಮಾರು 44 ಆಗುತ್ತದೆ. ಒಂದು ಷರತ್ತು ಹಾಕಿ: "ಹೆಲ್ಪ್ ಮಾಡ್ತೀನಿ" ಅಂದರೆ ಸಾಲದು, ಏನು ಮಾಡುತ್ತೀರಿ ಅಂತ ಹೇಳಬೇಕು. "ನಾ ಕಂದೀಲು ಹಿಡೀತೀನಿ, ನೀ ಬೀಗ ನೋಡು." ಆಗ ನೆರವಾದವರೂ ಆ ದೃಶ್ಯದಲ್ಲಿ ಕಾಣುತ್ತಾರೆ.

ಕಳ್ಳನ ಪಾತ್ರದವರಿಗೆ ಒಂದು ವಿಷಯ ಮೊದಲೇ ಹೇಳಿಬಿಡಿ. ಅವರ ದೊಡ್ಡ ಅಸ್ತ್ರ ಸ್ನೀಕ್ ಅಟ್ಯಾಕ್, ಅಂದರೆ ಹೆಚ್ಚು ಪೆಟ್ಟು ಕೊಡುವ ಏಟು, ಸಿಗುವ ಸುಲಭದ ದಾರಿ ಅಂದರೆ ಗುರಿಯಿಂದ ಐದು ಅಡಿಯೊಳಗೆ ತಂಡದ ಇನ್ನೊಬ್ಬರು ನಿಂತಿರೋದು. ಒಂಟಿ ತೋಳ ಅಂತ ಬೀಗುವ ಪಾತ್ರವೇ ಪಕ್ಕದವರ ಮೇಲೆ ಎಷ್ಟು ನಿಂತಿದೆ ನೋಡಿ. ಇದು ಗೊತ್ತಾದ ಮೇಲೆ ಕಳ್ಳ ತಾನಾಗಿಯೇ ಕತ್ತಿಯಾಳಿನ ಬೆನ್ನಿಗೆ ಅಂಟಿಕೊಂಡಿರುತ್ತಾನೆ.

ಪಾತ್ರ ಬೆಳೆಯೋಕೆ ಸಿಗುವ ಅನುಭವದ ಪಾಯಿಂಟನ್ನು ಎಲ್ಲರಿಗೂ ಸಮನಾಗಿ ಕೊಡಿ. ಇಲ್ಲವೇ ಪಾಯಿಂಟ್ ಗೊಡವೆಯೇ ಬಿಟ್ಟು, ಕಥೆಯ ಒಂದು ಘಟ್ಟ ದಾಟಿದಾಗ ಇಡೀ ತಂಡದ ಲೆವೆಲ್ ಏರಿಸಿ. ಹೆಚ್ಚು ಹೊಡೆದವನಿಗೆ ಹೆಚ್ಚು ಪಾಯಿಂಟ್ ಅಂದರೆ ಎಲ್ಲರೂ ಕೊನೇ ಏಟಿಗೆ ಕಾಯುತ್ತಾ ಕೂರುತ್ತಾರೆ.

ಹಂತ 4: ಒಬ್ಬರು ಮಿಂಚುವ, ಆದರೆ ಒಬ್ಬರಿಂದಲೇ ಆಗದ ದೃಶ್ಯ ಕಟ್ಟಿ

ಇದೇ ಮುಖ್ಯ ಕೆಲಸ. ಒಬ್ಬೊಬ್ಬರ ಮಿಂಚನ್ನು ಕೊಂದು ತಂಡ ಕಟ್ಟಿದರೆ ಆಟ ಸಪ್ಪೆ. ಕಂಪನಿ ನಾಟಕದ ಊರಿನವರಾದ ನಮಗೆ ಇದನ್ನ ಜಾಸ್ತಿ ವಿವರಿಸಬೇಕಿಲ್ಲ: ಖಳನಾಯಕ ಶಿಳ್ಳೆ ಗಿಟ್ಟಿಸಬೇಕಾದರೆ ಎದುರಿಗೆ ನಿಂತವನು ಸರಿಯಾದ ಹೊತ್ತಿಗೆ ಮಾತು ಎತ್ತಿಕೊಡಬೇಕು.

ನಮ್ಮ ಕಡೆ ಇದಕ್ಕೆ ಸಿದ್ಧ ಮಾದರಿಯೇ ಇದೆ. ಚಿತ್ರದುರ್ಗದ ಓಬವ್ವನ ಕಿಂಡಿ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರೋಕೆ ಹೋದ ಓಬವ್ವನಿಗೆ ಹೈದರಾಲಿಯ ಸಿಪಾಯಿಗಳು ಕಿಂಡಿಯಲ್ಲಿ ನುಸುಳೋದು ಕಾಣುತ್ತದೆ, ಒನಕೆ ಹಿಡಿದು ನಿಲ್ಲುತ್ತಾಳೆ. ಕಥೆ ಮಕ್ಕಳಿಗೂ ಗೊತ್ತು. ಆಟದ ಕಣ್ಣಲ್ಲಿ ನೋಡಿದರೆ ಆ ಜಾಗವೇ ಅದ್ಭುತ. ಕಿಂಡಿ ಕಿರಿದು, ಒಂದು ಸಲಕ್ಕೆ ಒಬ್ಬನೇ ತೂರಬಹುದು. ಹಾಗಾಗಿ ಒಳಗೆ ನಿಂತು ಕಾಯೋಕೂ ಒಬ್ಬರೇ ಸಾಕು. ಒಬ್ಬರ ದೃಶ್ಯ ಅಂದರೆ ಇದು.

ಸಮಸ್ಯೆ ಏನಂದರೆ ಉಳಿದ ಮೂವರು ಏನು ಮಾಡಬೇಕು? ಹೀಗೆ ಕಟ್ಟಿ ನೋಡಿ. ಒಂದೇ ಹೊತ್ತಿಗೆ ಮೂರು ಜಾಗದಲ್ಲಿ ಕೆಲಸ ಇರಲಿ.

ಕಿಂಡಿಯಲ್ಲಿ ಔಷಧಿಯಮ್ಮ ಇದ್ದಾಳೆ. ಪ್ರತಿ ಸುತ್ತಿಗೆ, ಅಂದರೆ ಎಲ್ಲರ ಸರದಿ ಒಂದು ಸಲ ಮುಗಿಯುವಷ್ಟರಲ್ಲಿ, ಇಬ್ಬರು ಶತ್ರುಗಳು ತೂರಿ ಬರುತ್ತಾರೆ. ಅವಳ ಡೈಸ್ ಗೆದ್ದರೆ ಒಬ್ಬ ಬೀಳುತ್ತಾನೆ. ಆರು ಜನ ಒಳಗೆ ಸೇರಿದರೆ ಕಿಂಡಿ ಕೈಬಿಟ್ಟಿತು. ಲೆಕ್ಕ ನೋಡಿ, ಪ್ರತಿ ಸಲ ಗೆದ್ದರೂ ಅವಳು ಆರನೇ ಸುತ್ತಿಗೆ ಸೋಲುತ್ತಾಳೆ.

ಬತೇರಿ ಮೇಲೆ ಸಿಪಾಯಿ ಮತ್ತು ಶಾನುಭೋಗ. ಸಿಪಾಯಿಗೆ ಬಿಲ್ಲು ಬರುತ್ತೆ, ಕಣ್ಣು ಕಾಣಲ್ಲ. ಶಾನುಭೋಗನಿಗೆ ಕಣ್ಣು ಕಾಣುತ್ತೆ, ಬಿಲ್ಲು ಬರಲ್ಲ. ಶಾನುಭೋಗ ಗುರಿ ಹೇಳುತ್ತಾನೆ, ಸಿಪಾಯಿ ಎರಡು ಡೈಸ್ ಹಾಕುತ್ತಾನೆ. ಗೆದ್ದರೆ ಆ ಸುತ್ತಿನಲ್ಲಿ ಕಿಂಡಿಗೆ ಒಬ್ಬ ಕಡಿಮೆ.

ಉಪ್ಪಿನ ಹುಡುಗ ಬಂಡೆ ಸಂದಿಯಲ್ಲಿ ಓಡಿ ಒಳಸುತ್ತಿನ ಕಾವಲಿಗೆ ಸುದ್ದಿ ಮುಟ್ಟಿಸಬೇಕು. ಮೂರು ಸಲ ಗೆದ್ದರೆ ದಂಡು ಬರುತ್ತದೆ. ಏಳುಸುತ್ತಿನ ಕೋಟೆ, ದಾರಿ ಸುಲಭ ಅಲ್ಲ. ಓಡುತ್ತಿರುವಾಗ ಕಿಂಡಿ ಕಡೆಯಿಂದ ಕೂಗು ಕೇಳಿದರೆ ತಿರುಗಿ ಬರುತ್ತಾನೋ, ಮುಂದೆ ಹೋಗುತ್ತಾನೋ? ಅದನ್ನು ಅವನೇ ತೀರ್ಮಾನ ಮಾಡಲಿ.

ಜನ ಮೂರು ಕಡೆ ಚದುರಿದ್ದಾರೆ, ಆದರೆ ಒಬ್ಬರ ಡೈಸ್ ಇನ್ನೊಬ್ಬರ ಉಸಿರು ಉಳಿಸುತ್ತಿದೆ. ಬೇರೆಯವರು ಡೈಸ್ ಹಾಕುವಾಗ ಎಲ್ಲರೂ ಬಗ್ಗಿ ನೋಡುತ್ತಾರೆ, ಫೋನ್ ಯಾರ ಕೈಯಲ್ಲೂ ಇರಲ್ಲ. ಕಥೆ ಕೊನೆಗೆ ಕಿಂಡಿಗೆ ಔಷಧಿಯಮ್ಮನ ಹೆಸರೇ ಬೀಳುತ್ತದೆ. ಬೀಳಲಿ.

ನಡೆಸುವ ಕೈಚಳಕ ಒಂದೇ. ಒಂದು ಜಾಗದಲ್ಲಿ ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ. ಕುತೂಹಲ ಏರಿದಾಗಲೇ ಕಡಿಯಿರಿ. "ಒನಕೆ ಎತ್ತಿದಳು... ಸರಿ, ಬತೇರಿ ಮೇಲೆ ಏನಾಗ್ತಿದೆ?" ಬೈಸಿಕೊಳ್ಳುತ್ತೀರಿ, ಪರವಾಗಿಲ್ಲ.

ಹಂತ 5: "ನನ್ನ ಕ್ಯಾರೆಕ್ಟರ್ ಇರೋದೇ ಹಂಗೆ" ಅಂದಾಗ

ಎಷ್ಟೇ ತಯಾರಿ ಮಾಡಿದರೂ ಈ ಮಾತು ಒಂದು ದಿನ ಬರುತ್ತದೆ. ಸಾಮಾನ್ಯವಾಗಿ ಹೀಗೆ:

"ನಾ ಅವನ ಚೀಲದಿಂದ ರತ್ನ ಎತ್ಕಂತೀನಿ."

"ಯಾಕಲೇ, ನಾ ನಿನ್ ಜೊತಿಗೇ ಇದೀನಲ್ಲ!"

"ಏನ್ ಮಾಡ್ಲಿ ಮಾರಾಯ, ನನ್ ಕ್ಯಾರೆಕ್ಟರ್ರೇ ಕಳ್ಳ."

ಡೈಸ್ ಹಾಕಿಸೋಕೆ ಮುಂಚೆ ನಿಲ್ಲಿಸಿ. ಡೈಸ್ ಬಿದ್ದ ಮೇಲೆ ಮಾತಿಗೆ ಜಾಗ ಇರಲ್ಲ. ನಾನು ಪಾಲಿಸುವ ನಿಯಮ ಸರಳ: ಇನ್ನೊಬ್ಬ ಆಟಗಾರರ ಪಾತ್ರದ ಮೇಲೆ ಏನಾದರೂ ಮಾಡಿದರೆ, ಅದು ಫಲಿಸುತ್ತೋ ಇಲ್ವೋ ಅಂತ ಹೇಳೋದು ಯಾರ ಮೇಲೆ ಮಾಡಿದರೋ ಅವರು. ಡೈಸ್ ಇಲ್ಲ. ರತ್ನದ ಒಡೆಯ "ಸರಿ, ಕದ್ದ, ಆದ್ರೆ ನಾನು ಕಣ್ಣು ಮುಚ್ಚಿಕೊಂಡೇ ಎಲ್ಲಾ ನೋಡ್ತಿದ್ದೆ" ಅನ್ನಬಹುದು. ಕಥೆಗೆ ಅದು ಇನ್ನೂ ರುಚಿ. "ಬೇಡ" ಅಂದರೆ ಬೇಡ, ಮುಂದಕ್ಕೆ ಹೋಗಿ.

ಆಟಗಾರನಿಗೂ ಪ್ರಶ್ನೆ ಕೇಳಬಹುದು. "ನಿನ್ನ ಪಾತ್ರ ಕಳ್ಳ, ಒಪ್ಪಿದೆ. ಕಳ್ಳನಿಗೆ ಇವತ್ತು ಕದಿಯದೇ ಇರೋಕೆ ಏನು ಕಾರಣ ಇರಬಹುದು?" ಪಾತ್ರ ಬರೆದವನೇ ಅವನು, ಕಾರಣವನ್ನೂ ಅವನೇ ಹುಟ್ಟಿಸಬಲ್ಲ. ಇಷ್ಟಾದ ಮೇಲೂ ಪದೇ ಪದೇ ಅದೇ ಆದರೆ ಎಲ್ಲರೆದುರು ಬೇಡ, ಗೇಮ್ ಮುಗಿದ ಮೇಲೆ ಒಬ್ಬನನ್ನೇ ಕರೆದು ಮಾತಾಡಿ.

ಹಂತ 6: ಇನ್ನೊಂದು ರೋಗ, ಒಬ್ಬನೇ ಎಲ್ಲರನ್ನೂ ಆಡಿಸೋದು

ಇದು ಹೊರಗಿನಿಂದ ಒಗ್ಗಟ್ಟಿನ ಹಾಗೇ ಕಾಣುತ್ತದೆ. ಎಲ್ಲರೂ ಜೊತೆಗಿದ್ದಾರೆ, ಜಗಳ ಇಲ್ಲ, ಗೆಲ್ಲುತ್ತಿದ್ದಾರೆ. ಸರಿಯಾಗಿ ನೋಡಿದರೆ ಒಬ್ಬನೇ ಎಲ್ಲರ ಸರದಿಯನ್ನೂ ಆಡುತ್ತಿರುತ್ತಾನೆ. "ನೀ ಅಲ್ಲಿ ನಿಲ್ಲು, ನೀ ಆ ಮಂತ್ರ ಹಾಕು." ಒಂಟಿಯಾಗಿ ಓಡುವವನಿಗಿಂತ ಇದು ಕೆಟ್ಟದ್ದು ಅಂತ ನನ್ನ ಅನಿಸಿಕೆ. ಓಡುವವನು ಆಗಾಗ ಹಾಳುಮಾಡುತ್ತಾನೆ, ಇವನು ಪ್ರತಿ ಸರದಿಯನ್ನೂ ತಿನ್ನುತ್ತಾನೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಟೇಬಲ್ ಮೇಲೆ ಸೀನಿಯರ್ ಇದ್ದರೆ ಜೂನಿಯರ್ ಬಾಯಿ ಬಿಡಲ್ಲ. ಚಿಕ್ಕಪ್ಪನ ಮಗ ಅಣ್ಣ ಇದ್ದರಂತೂ ಮುಗೀತು, "ಅಣ್ಣ ಹೇಳಿದಂಗೆ" ಅಂತ ಡೈಸ್ ಹಾಕೋದಷ್ಟೇ ತಮ್ಮನ ಕೆಲಸ.

ಇದಕ್ಕೆ ಒಂದು ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಪಾತ್ರಗಳನ್ನು ತಿರುಗಾಮುರುಗಾ ಹಂಚಿ. ಜೂನಿಯರ್‌ಗೆ ದಳಪತಿ ಪಾತ್ರ, ಸೀನಿಯರ್‌ಗೆ ಆಳಿನ ಪಾತ್ರ. ಆಟದ ಒಳಗೆ ಪಾತ್ರದ ಹೆಸರಿಂದಲೇ ಕರೀಬೇಕು, "ಅಣ್ಣ", "ಸರ್" ಇಲ್ಲ. "ನೀವು ಏನಂತೀರಿ ಅಣ್ಣ" ಅಂತಿದ್ದ ಹುಡುಗ "ಲೇ ಕಾವಲುಗಾರ, ಬಾಗಿಲು ಹಾಕು!" ಅಂತ ಕೂಗಿದಾಗ ಮೊದಲು ನಗೋದು ಆ ಅಣ್ಣನೇ. ಟೀ ಬಿಡುವಿನಲ್ಲಿ ಮತ್ತೆ "ಅಣ್ಣ, ಸಕ್ಕರೆ ಹಾಕ್ಲಾ" ಅಂತ ಶುರುವಾಗುತ್ತದೆ, ಅದು ಬೇರೆ ವಿಷಯ.

ಹೊಡೆದಾಟದ ಹೊತ್ತಿಗೆ ಇನ್ನೊಂದು ಕಟ್ಟುಪಾಡು ಹಾಕಿ. ಈ ಗೇಮ್‌ನಲ್ಲಿ ಒಂದು ಸುತ್ತು ಅಂದರೆ 6 ಸೆಕೆಂಡ್. ಹಾಗಾಗಿ ಬೇರೆಯವರ ಸರದಿಯಲ್ಲಿ 6 ಸೆಕೆಂಡಲ್ಲಿ ಕೂಗಿ ಹೇಳಬಹುದಾದಷ್ಟು ಮಾತ್ರ ಸಲಹೆ. "ಎಡಕ್ಕೆ ನೋಡು!" ಸರಿ. ಐದು ನಿಮಿಷದ ವ್ಯೂಹರಚನೆ ಇಲ್ಲ. ಸರದಿ ಯಾರದೋ ಅವರು ಕೇಳಿದರೆ ಮಾತ್ರ ಚರ್ಚೆ.

ಮಾತು ಕಡಿಮೆ ಆಡುವವರಿಗೆ ನೇರವಾಗಿ "ನೀನೇನು ಮಾಡ್ತೀಯ?" ಅಂದರೆ ಗಾಬರಿ ಬೀಳುತ್ತಾರೆ. ಅವರ ಪಾತ್ರಕ್ಕೆ ಮಾತ್ರ ಕಾಣುವ ವಿಷಯ ಕೊಡಿ. ಒಂದು ಚೀಟಿಯಲ್ಲಿ "ಗೋಡೆಯ ಮಣ್ಣು ಹಸಿ ಇದೆ, ಯಾರೋ ಈಗಷ್ಟೇ ಅಗೆದಿದ್ದಾರೆ" ಅಂತ ಬರೆದು ಕೈಗೆ ಕೊಡಿ. ಈಗ ತಂಡವೇ ಅವರ ಕಡೆ ತಿರುಗಬೇಕಾಗುತ್ತದೆ.

ಹಂತ 7: ಎದ್ದು ಹೋಗೋಕೆ ಮುಂಚೆ ಹತ್ತು ನಿಮಿಷ

ಶೀಟ್ ಮಡಚುವಾಗ ಒಂದು ಪ್ರಶ್ನೆ ಕೇಳಿ: ಇವತ್ತು ಬೇರೆಯವರು ಮಾಡಿದ್ದರಲ್ಲಿ ನಿಮಗೆ ಇಷ್ಟವಾದದ್ದು ಯಾವುದು? ತಮ್ಮದನ್ನು ಹೇಳುವ ಹಾಗಿಲ್ಲ. ಐದನೇ ಆವೃತ್ತಿಯಲ್ಲಿ ಇನ್‌ಸ್ಪಿರೇಷನ್ ಅನ್ನೋ ಬಹುಮಾನ ಇದೆ, ಅದನ್ನು ಖರ್ಚು ಮಾಡಿ ಒಂದು ಸಲ ಅಡ್ವಾಂಟೇಜ್ ಪಡೆಯಬಹುದು. ಹೆಚ್ಚು ಜನ ಯಾರ ಹೆಸರು ಹೇಳಿದರೋ ಅವರಿಗೆ ಮುಂದಿನ ವಾರಕ್ಕೆ ಅದನ್ನು ಕೊಡಿ. ಒಬ್ಬರಿಗೇ ಪ್ರತಿ ವಾರ ಹೋಗುತ್ತಿದ್ದರೆ ನಿಮ್ಮ ದೃಶ್ಯಗಳು ಒಂದೇ ಕಡೆ ವಾಲುತ್ತಿವೆ ಅಂತ ಅರ್ಥ. ಮೊದಲ ಭಾನುವಾರ ಬರೆದಿಟ್ಟ ಪಟ್ಟಿ ತೆಗೆದು ನೋಡಿ, ಯಾರ ಸರದಿ ಬಾಕಿ ಇದೆ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಒಬ್ಬರಿಗೆ ಒಂಟಿ ಕಥೆಯೇ ಬೇಕು ಅನಿಸಿದರೆ ಅದರಲ್ಲೇನೂ ತಪ್ಪಿಲ್ಲ. 2018ರ ಐರನ್‌ಸ್ವೋರ್ನ್ ಗೇಮನ್ನು ಗೇಮ್ ಮಾಸ್ಟರ್ ಇಲ್ಲದೆ ಒಬ್ಬರೇ ಕೂತು ಆಡಬಹುದು, ಅದರ ಪಿಡಿಎಫ್ ಉಚಿತ. ವಾರದ ದಿನ ಅವರು ಅದನ್ನು ಆಡಲಿ, ಭಾನುವಾರ ಮನಸ್ಸಾದರೆ ನಿಮ್ಮ ಟೇಬಲ್‌ಗೂ ಬರಲಿ. ಬಂದ ದಿನ ಬತೇರಿ ಕೆಲಸ ಕೊಡಿ.